ಬಂಗಾರದ ಮುಸುವ: ಎಲೆ ತಿನ್ನುವ ಹೊಟ್ಟೆ, ತುಂಡಾದ ಕಾಡು

ದೇವಸ್ಥಾನದ ಮುಂದೆ ಕೋತಿಗಳನ್ನೂ ಮುಸುವಗಳನ್ನೂ ನೋಡಿದವರು ಒಂದು ವಿಷಯ ಗಮನಿಸಿರಬಹುದು. ಕೋತಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕಿಕೊಂಡು ಓಡುತ್ತದೆ. ಎರಡೂ ಕೆನ್ನೆ ಉಬ್ಬಿರುತ್ತವೆ. ಆಮೇಲೆ ಎಲ್ಲೋ ಗೋಡೆ ಹತ್ತಿ ಕೂತು, ಕೈಯಿಂದ ಕೆನ್ನೆ ಒತ್ತಿ ಒತ್ತಿ ಒಳಗಿಟ್ಟುಕೊಂಡಿದ್ದನ್ನು ಮೆಲ್ಲುತ್ತದೆ. ಕಪ್ಪು ಮುಖದ, ಉದ್ದ ಬಾಲದ ಮುಸುವನಿಗೆ ಈ ಕೆನ್ನೆಚೀಲ ಇಲ್ಲ. ಅದರ ಚೀಲ ಹೊಟ್ಟೆಯೊಳಗಿದೆ.

ಈ ಹೊಟ್ಟೆಯ ವಿಷಯ ಸರಿಯಾಗಿ ತಿಳಿದುಕೊಂಡರೆ ಎಲೆ ತಿನ್ನುವ ಮಂಗಗಳ ಉಳಿದೆಲ್ಲ ವಿಷಯ ಮುಕ್ಕಾಲು ಪಾಲು ತಿಳಿದ ಹಾಗೆ. ಅವು ದಿನವೆಲ್ಲ ಯಾಕೆ ಸುಮ್ನೆ ಕೂತಿರುತ್ತವೆ, ಯಾವ ಕಾಡಿನಲ್ಲಿ ಬದುಕುತ್ತವೆ, ಯಾವುದರಲ್ಲಿ ಬದುಕುವುದಿಲ್ಲ, ನಾವು ಪ್ರೀತಿಯಿಂದ ಕೊಡುವ ಬಿಸ್ಕತ್ತು ಅವಕ್ಕೆ ಯಾಕೆ ಆಗಿಬರುವುದಿಲ್ಲ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ. ಇಲ್ಲಿ ನಾನು ಹೇಳಹೊರಟಿರುವುದು ಅಸ್ಸಾಂ ಮತ್ತು ಭೂತಾನದ ಗಡಿಯಲ್ಲಿ ಮಾತ್ರ ಸಿಗುವ ಬಂಗಾರದ ಮುಸುವನ ಬಗ್ಗೆ. ಗೋಲ್ಡನ್ ಲಂಗೂರ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಜೀವಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆ ಇದರ ಹೆಸರೂ ಇದೆ.

ಮೂರು ನದಿ, ಒಂದು ಬೆಟ್ಟಸಾಲು

ಬಂಗಾರದ ಮುಸುವನ ಸೀಮೆ ತುಂಬಾ ಚಿಕ್ಕದು. ಪಶ್ಚಿಮಕ್ಕೆ ಸಂಕೋಶ್ ನದಿ, ಪೂರ್ವಕ್ಕೆ ಮಾನಸ್ ನದಿ, ದಕ್ಷಿಣಕ್ಕೆ ಬ್ರಹ್ಮಪುತ್ರ, ಉತ್ತರಕ್ಕೆ ಭೂತಾನದ ಎತ್ತರದ ಬೆಟ್ಟಗಳು. ಇಷ್ಟರೊಳಗೆ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇದು ಸಹಜವಾಗಿ ಬೆಳೆದಿಲ್ಲ. ಮಾನಸ್ ದಾಟಿ ಪೂರ್ವಕ್ಕೆ ಹೋದರೆ ಇನ್ನೊಂದು ಜಾತಿಯ ಮುಸುವ ಸಿಗುತ್ತದೆ. ಅದರ ತಲೆಯ ಮೇಲೆ ಕಪ್ಪು ಟೋಪಿ ಇಟ್ಟಂಥ ಕೂದಲು. ಸಂಕೋಶ್ ದಾಟಿ ಪಶ್ಚಿಮಕ್ಕೆ ಹೋದರೆ ನಮ್ಮ ಕಡೆಯದರಂಥದ್ದೇ ಬೂದು ಮುಸುವ. ಮುಸುವಗಳು ದೊಡ್ಡ ನದಿಗಳನ್ನು ಈಜಿ ದಾಟುವ ಪ್ರಾಣಿಗಳಲ್ಲ. ಹಾಗಾಗಿ ನದಿಗಳೇ ಇವುಗಳ ಬೇಲಿ.

ನೋಡಿದ ಕೂಡಲೇ ಕಣ್ಣಿಗೆ ಬೀಳುವ ಬಣ್ಣ ಇದರದ್ದು. ಬೇಸಿಗೆಯಲ್ಲಿ ಕೆನೆ ಬಣ್ಣಕ್ಕೆ ತಿರುಗುವ ಕೂದಲು ಚಳಿಗಾಲಕ್ಕೆ ಹೊಂಬಣ್ಣವಾಗುತ್ತದೆ. ಮುಖ ಮಾತ್ರ ಇದ್ದಿಲಿನಷ್ಟು ಕಪ್ಪು. ಬಾಲ ಮೈಗಿಂತಲೂ ಉದ್ದ, ತುದಿಯಲ್ಲಿ ಕುಚ್ಚು. ಬೆಳೆದ ಗಂಡು ಹತ್ತು ಹನ್ನೊಂದು ಕಿಲೋ ತೂಗುತ್ತದೆ, ಹೆಣ್ಣು ಸ್ವಲ್ಪ ಕಮ್ಮಿ. ಇಂಥ ಪ್ರಾಣಿ 20ನೇ ಶತಮಾನದ ನಡುಭಾಗದವರೆಗೂ ವಿಜ್ಞಾನದ ಪುಸ್ತಕಗಳಲ್ಲಿ ಹೆಸರೇ ಇಲ್ಲದೆ ಉಳಿದಿತ್ತು ಅಂದರೆ ಆಶ್ಚರ್ಯ ಅಲ್ವಾ? ಆ ಕಾಡಿನ ಜನಕ್ಕೆ ಗೊತ್ತಿತ್ತು ಬಿಡಿ. ಸಂಕೋಶ್ ದಂಡೆಯ ಜಾಮ್‌ದುವಾರ್ ಬಳಿ ಕೆನೆ ಬಣ್ಣದ ಮುಸುವಗಳಿವೆ ಎಂದು ಶೆಬ್ಬಿಯರ್ ಎಂಬ ಅರಣ್ಯಾಧಿಕಾರಿ 1907ರಲ್ಲೇ ಹೇಳಿದ್ದರು. ಆ ಮಾತು ಅಲ್ಲಿಗೇ ನಿಂತಿತು. 1950ರ ದಶಕದಲ್ಲಿ ಇ. ಪಿ. ಗೀ ಎಂಬ ಚಹಾ ತೋಟದ ಸಾಹೇಬರು ಇವುಗಳನ್ನು ಹುಡುಕಿಕೊಂಡು ಹೋಗಿ, ನೋಡಿ, ಚಿತ್ರೀಕರಿಸಿ ಸುದ್ದಿ ಮಾಡಿದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಖಜೂರಿಯಾ 1956ರಲ್ಲಿ ಇದನ್ನು ಹೊಸ ಜಾತಿ ಎಂದು ವಿವರಿಸಿ, ಗೀ ಅವರ ಹೆಸರನ್ನೇ ಇಟ್ಟರು. ಅದರ ವೈಜ್ಞಾನಿಕ ಹೆಸರು ಈಗ ಟ್ರಾಕಿಪಿಥೆಕಸ್ ಗೀಯೈ.

ಈ ಹೆಸರಿನ ಮೊದಲ ಭಾಗದ ಬಗ್ಗೆ ಒಂದು ಸಣ್ಣ ತಕರಾರಿದೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಮತ್ತು ಸಂಗಡಿಗರು 2008ರಲ್ಲಿ ದಕ್ಷಿಣ ಏಷ್ಯಾದ ಮುಸುವಗಳ ಡಿಎನ್‌ಎ ಹೋಲಿಸಿ ನೋಡಿದರು. ಕೊಡಗಿನ ಕಾಡಿನಲ್ಲೂ ಇರುವ ನೀಲಗಿರಿಯ ಕರಿಮುಸುವ ನಮ್ಮ ಬೂದು ಮುಸುವನ ಹತ್ತಿರದ ನೆಂಟ ಎಂದು ಅದರಲ್ಲಿ ಸ್ಪಷ್ಟವಾಯಿತು. ಬಂಗಾರದ ಮುಸುವನದ್ದು ಮಾತ್ರ ಬಗೆಹರಿಯಲಿಲ್ಲ. ತಾಯಿಯಿಂದ ಮಾತ್ರ ಬರುವ ಡಿಎನ್‌ಎ ನೋಡಿದರೆ ಇದು ಭಾರತದ ಬೂದು ಮುಸುವಗಳ ಕಡೆಗೆ. ಜೀವಕೋಶದ ಕೇಂದ್ರದ ಡಿಎನ್‌ಎ ನೋಡಿದರೆ ಆಗ್ನೇಯ ಏಷ್ಯಾದ ಎಲೆಮಂಗಗಳ ಕಡೆಗೆ. ಎಷ್ಟೋ ಲಕ್ಷ ವರ್ಷಗಳ ಹಿಂದೆ ಎರಡೂ ಕಡೆಯವು ಕೂಡಿ ಈ ವಂಶ ಹುಟ್ಟಿರಬಹುದು ಅನ್ನುವುದು ಒಂದು ಊಹೆ.

ಹೊಟ್ಟೆಯೊಳಗೆ ನಡೆಯುವುದು ಏನು

ಎಲೆ ಅಂದರೆ ಕಾಡಿನಲ್ಲಿ ಎಲ್ಲ ಕಡೆ ಇರುವ ಊಟ. ಕೈ ಚಾಚಿದರೆ ಸಿಗುತ್ತದೆ. ಹಾಗಿದ್ದರೂ ಹೆಚ್ಚಿನ ಪ್ರಾಣಿಗಳು ಎಲೆಯನ್ನೇ ನಂಬಿ ಬದುಕುವುದಿಲ್ಲ. ಕಾರಣ ಎರಡು. ಎಲೆಯ ಬಹುಭಾಗ ನಾರು, ಅಂದರೆ ಸೆಲ್ಯುಲೋಸ್. ಅದನ್ನು ಒಡೆಯುವ ಕಿಣ್ವ ಯಾವ ಮಂಗದ ಮೈಯಲ್ಲೂ ತಯಾರಾಗುವುದಿಲ್ಲ, ಹಸುವಿನ ಮೈಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಇನ್ನೊಂದು, ಗಿಡಮರಗಳಿಗೆ ತಮ್ಮ ಎಲೆಯನ್ನು ಯಾರೋ ಮೇಯುವುದು ಇಷ್ಟ ಇಲ್ಲ. ಓಡಿಹೋಗಲು ಕಾಲಿಲ್ಲ, ಅದಕ್ಕೇ ಎಲೆಗೆ ಒಗರು, ಕಹಿ, ವಿಷ ತುಂಬಿಸುತ್ತವೆ.

ಮುಸುವಗಳು ಈ ಎರಡೂ ಕಷ್ಟಕ್ಕೆ ಹಸುವಿನ ದಾರಿಯನ್ನೇ ಹಿಡಿದಿವೆ. ಅವುಗಳ ಜಠರ ನಮ್ಮದರಂತೆ ಒಂದೇ ಚೀಲವಲ್ಲ. ಹಲವು ಉಬ್ಬುಗಳಿರುವ ದೊಡ್ಡ ಚೀಲ. ಅದರ ಮುಂಭಾಗದಲ್ಲಿ ಆಮ್ಲ ಇರುವುದಿಲ್ಲ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿವೆ. ಮುಸುವ ಅಗಿದು ನುಂಗಿದ ಎಲೆ ಮೊದಲು ಇಲ್ಲಿಗೆ ಬಂದು, ದೋಸೆ ಹಿಟ್ಟು ಹುದುಗುವ ಹಾಗೆ ಗಂಟೆಗಟ್ಟಲೆ ಹುದುಗುತ್ತದೆ. ಬ್ಯಾಕ್ಟೀರಿಯಾಗಳು ನಾರನ್ನು ಒಡೆಯುತ್ತವೆ, ಜೊತೆಗೆ ಎಷ್ಟೋ ವಿಷಗಳನ್ನೂ ನಿಷ್ಕ್ರಿಯ ಮಾಡುತ್ತವೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳನ್ನು ಮುಸುವನ ಮೈ ಹೀರಿಕೊಳ್ಳುತ್ತದೆ. ಅದೇ ಅದರ ಇಂಧನ.

ಆಮೇಲಿನ ಹಂತ ಇನ್ನೂ ಮಜಾ. ಹುದುಗಿದ ಎಲೆಯ ಜೊತೆ ಬ್ಯಾಕ್ಟೀರಿಯಾಗಳೂ ಮುಂದಿನ ಆಮ್ಲದ ಚೀಲಕ್ಕೆ ಜಾರುತ್ತವೆ. ಅಲ್ಲಿ ಲೈಸೋಜೈಮ್ ಎಂಬ ಪ್ರೋಟೀನು ಅವುಗಳ ಗೋಡೆ ಒಡೆದು ಹಾಕುತ್ತದೆ. ನಮ್ಮ ಕಣ್ಣೀರಿನಲ್ಲಿ, ಉಗುಳಿನಲ್ಲಿ ರೋಗಾಣು ಕೊಲ್ಲುವುದೂ ಇದೇ ಪ್ರೋಟೀನು. ಮುಸುವನ ಹೊಟ್ಟೆಯಲ್ಲಿ ಅದು ಅಡುಗೆ ಮಾಡಿದವರನ್ನೇ ಊಟ ಮಾಡುವ ಕೆಲಸಕ್ಕೆ ಬರುತ್ತದೆ. ಎಲೆಯಲ್ಲಿ ಕಮ್ಮಿ ಇರುವ ಪೌಷ್ಟಿಕಾಂಶ ಬ್ಯಾಕ್ಟೀರಿಯಾಗಳ ಮೈಯಿಂದ ಸಿಗುತ್ತದೆ. ಕ್ಯಾರೊ-ಬೆತ್ ಸ್ಟೀವರ್ಟ್ ಮತ್ತು ಸಂಗಡಿಗರು 1987ರಲ್ಲಿ ಮುಸುವನ ಲೈಸೋಜೈಮನ್ನು ಹಸುವಿನದರ ಜೊತೆ ಹೋಲಿಸಿದರು. ಆಮ್ಲದಲ್ಲೂ ಕೆಲಸ ಮಾಡಲು ಬೇಕಾದ ಒಂದೇ ಥರದ ಬದಲಾವಣೆಗಳು ಎರಡರಲ್ಲೂ ಬೇರೆ ಬೇರೆಯಾಗಿ ಆಗಿದ್ದವು. ನೆಂಟಸ್ತಿಕೆ ಇಲ್ಲದ ಎರಡು ಪ್ರಾಣಿಗಳು ಒಂದೇ ಊಟದ ಕಾರಣಕ್ಕೆ ಒಂದೇ ಉಪಾಯಕ್ಕೆ ಬಂದ ಈ ಉದಾಹರಣೆ ಈಗ ಪಠ್ಯಪುಸ್ತಕಗಳಲ್ಲಿದೆ. ಮೇಲೆ ಹೇಳಿದ ಬೆಂಗಳೂರಿನ ಅಧ್ಯಯನದಲ್ಲೂ ಇದೇ ಸ್ಟೀವರ್ಟ್ ಇದ್ದರು.

ಇಷ್ಟು ನಾಜೂಕಾದ ಹೊಟ್ಟೆಗೆ ಸಿಹಿ ಆಗಿಬರುವುದಿಲ್ಲ. ಸಕ್ಕರೆ ಅಂಶ ಜಾಸ್ತಿಯಾದರೆ ಹುದುಗುವಿಕೆ ಜೋರಾಗುತ್ತದೆ, ಮುಂಚೀಲಕ್ಕೆ ಹುಳಿ ಏರುತ್ತದೆ, ಬ್ಯಾಕ್ಟೀರಿಯಾಗಳು ಸಾಯುತ್ತವೆ, ಹೊಟ್ಟೆ ಉಬ್ಬರಿಸುತ್ತದೆ. ಹಸು ಹಬ್ಬದ ಅನ್ನ, ಪಾಯಸ ಅತಿಯಾಗಿ ತಿಂದು ಹೊಟ್ಟೆ ಉಬ್ಬಿ ಒದ್ದಾಡುವುದನ್ನು ಹಳ್ಳಿಯವರು ನೋಡಿರುತ್ತೀರಿ. ಇದೂ ಅದೇ ತೊಂದರೆ. ಎಲೆಮಂಗಗಳು ಹಣ್ಣು ತಿನ್ನುವುದೇ ಇಲ್ಲ ಅಂತಲ್ಲ. ಕಾಯಿ, ಬೀಜ, ಹೂವು, ಕಾಡುಹಣ್ಣು ಎಲ್ಲ ತಿನ್ನುತ್ತವೆ. ಆದರೆ ಕಾಡಿನ ಹಣ್ಣಿಗೂ ನಮ್ಮ ಕ್ರೀಮ್ ಬಿಸ್ಕತ್ತಿಗೂ ಅಜಗಜಾಂತರ.

ಗುವಾಹಾಟಿಯ ಎದುರು ಬ್ರಹ್ಮಪುತ್ರದ ನಡುವೆ ಉಮಾನಂದ ಎಂಬ ಪುಟ್ಟ ದ್ವೀಪ ಇದೆ. ಶಿವನ ದೇವಸ್ಥಾನ ಇರುವ ಜಾಗ. 1980ರ ದಶಕದಲ್ಲಿ ಅಲ್ಲಿಗೆ ಬಂಗಾರದ ಮುಸುವಗಳನ್ನು ತಂದು ಬಿಟ್ಟರು. ದ್ವೀಪದಲ್ಲಿ ಅವುಗಳಿಗೆ ಬೇಕಾದಷ್ಟು ಬಗೆಯ ಮರಗಳಿರಲಿಲ್ಲ. ಭಕ್ತರು, ಪ್ರವಾಸಿಗಳು ಕೊಟ್ಟ ತಿಂಡಿಯ ಮೇಲೆ ಬದುಕಬೇಕಾಯಿತು. ಹೊರಗಿನಿಂದ ಹೊಸ ನೆತ್ತರು ಸೇರುವ ದಾರಿಯೂ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಸಂಖ್ಯೆ ಕರಗುತ್ತಾ ಹೋಯಿತು. ಅವುಗಳನ್ನು ಯಾರೂ ಬೇಟೆಯಾಡಲಿಲ್ಲ, ಎಲ್ಲರೂ ಪ್ರೀತಿಯಿಂದಲೇ ನೋಡಿಕೊಂಡರು.

ಕೂತೇ ಕಳೆಯುವ ದಿನ

ಹೊಟ್ಟೆ ಹುದುಗಲು ಹೊತ್ತು ಬೇಕು. ಹಾಗಾಗಿ ಮುಸುವನ ದಿನದ ಬಹುಪಾಲು ವಿಶ್ರಾಂತಿಯಲ್ಲೇ ಕಳೆಯುತ್ತದೆ. ಬೆಳಗ್ಗೆ ಒಂದು ಸುತ್ತು ಮೇಯುತ್ತವೆ, ಸಂಜೆ ಇನ್ನೊಂದು ಸುತ್ತು. ನಡುಹಗಲಿನಲ್ಲಿ ದಟ್ಟ ಕೊಂಬೆ ನೋಡಿಕೊಂಡು ಕೂತುಬಿಡುತ್ತವೆ. ಗುಡಾಣದಂಥ ಹೊಟ್ಟೆ ಮುಂದೆ, ಬಾಲ ಕೊಂಬೆಯಿಂದ ನೇರ ಕೆಳಕ್ಕೆ. ಮರದ ಕೆಳಗೆ ನಿಂತವರಿಗೆ ಎಷ್ಟೋ ಸಲ ಮುಸುವ ಕಾಣುವುದಿಲ್ಲ, ಸಾಲಾಗಿ ಇಳಿಬಿದ್ದ ಬಾಲಗಳು ಮಾತ್ರ ಕಾಣುತ್ತವೆ. ಅದನ್ನು ಸೋಮಾರಿತನ ಅನ್ನುವ ಹಾಗಿಲ್ಲ. ಎಲೆಯಿಂದ ಸಿಗುವ ಶಕ್ತಿಯೇ ಕಮ್ಮಿ, ಅದನ್ನು ಹಾರಾಟದಲ್ಲಿ ಖರ್ಚು ಮಾಡಿದರೆ ಕೂಡಿಬರುವ ಲೆಕ್ಕವಲ್ಲ.

ಮೇಯುವಾಗಲೂ ಅವು ಕಂಡ ಎಲೆಗೆಲ್ಲ ಬಾಯಿ ಹಾಕುವುದಿಲ್ಲ. ಕೊಂಬೆಯನ್ನು ಕೈಯಿಂದ ಹತ್ತಿರ ಎಳೆದುಕೊಂಡು, ಬಲಿತ ಎಲೆ ಬಿಟ್ಟು ತುದಿಯ ಚಿಗುರನ್ನು ಆರಿಸುತ್ತವೆ. ಚಿಗುರಿನಲ್ಲಿ ಪ್ರೋಟೀನು ಹೆಚ್ಚು, ನಾರು ಕಮ್ಮಿ. ಆದರೆ ಯಾವ ಮರವೂ ವರ್ಷವಿಡೀ ಚಿಗುರುವುದಿಲ್ಲ. ಈ ತಿಂಗಳು ಒಂದು ಮರ, ಮುಂದಿನ ತಿಂಗಳು ಇನ್ನೊಂದು. ಒಂದರ ಚಿಗುರು ಮುಗಿಯುವ ಹೊತ್ತಿಗೆ ಮತ್ತೊಂದು ತಯಾರಾಗಿರಬೇಕು. ಅಷ್ಟು ಬಗೆಯ ಮರಗಳು ಒಂದೇ ಕಾಡಿನಲ್ಲಿ ಇದ್ದರೆ ಮಾತ್ರ ಗುಂಪಿಗೆ ಹನ್ನೆರಡು ತಿಂಗಳ ಊಟ. ಮೇಲಿನಿಂದ ಹಸಿರಾಗಿ ಕಾಣುವ ತೇಗದ ನೆಡುತೋಪು ಇವುಗಳ ಪಾಲಿಗೆ ಹೆಚ್ಚುಕಮ್ಮಿ ಬರಡು ಯಾಕೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ನೀರಿಗಾಗಿ ಕೂಡ ಇವು ಕೆಳಗಿಳಿಯುವುದು ಅಪರೂಪ. ಎಲೆಯಲ್ಲಿರುವ ತೇವ, ಎಲೆ ಮೇಲಿನ ಮಂಜು, ಮಳೆಹನಿ ಬಹಳಷ್ಟು ಸಲ ಸಾಕಾಗುತ್ತದೆ.

ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರ ಆಸುಪಾಸು ಇರುತ್ತವೆ. ಒಂದು ದೊಡ್ಡ ಗಂಡು, ಕೆಲವು ಹೆಣ್ಣುಗಳು, ಮರಿಗಳು. ಒಂದಕ್ಕಿಂತ ಹೆಚ್ಚು ಗಂಡುಗಳಿರುವ ಗುಂಪೂ ಉಂಟು. ಹೆಣ್ಣು ಒಂದು ಸಲಕ್ಕೆ ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ. ಎಲೆಮಂಗಗಳಲ್ಲಿ ಮರಿಯನ್ನು ತಾಯಿಯೊಬ್ಬಳೇ ಹೊತ್ತು ತಿರುಗುವುದಿಲ್ಲ. ಗುಂಪಿನ ಬೇರೆ ಹೆಣ್ಣುಗಳೂ ಎತ್ತಿಕೊಳ್ಳುತ್ತವೆ, ಒಮ್ಮೊಮ್ಮೆ ಎಳೆದಾಡುತ್ತವೆ. ಆ ಹೊತ್ತಿನಲ್ಲಿ ತಾಯಿ ಮೇಯುತ್ತದೆ. ಎಳೆಯ ಹೆಣ್ಣುಗಳಿಗೆ ಮರಿ ಹಿಡಿಯುವ ಅಭ್ಯಾಸವೂ ಆಗುತ್ತದೆ.

ಗಂಡು ಮರಿಗಳು ದೊಡ್ಡವಾದ ಮೇಲೆ ಗುಂಪು ಬಿಡಬೇಕು. ಬೇರೆ ಗುಂಪಿಗೆ ನುಗ್ಗಿ ಅಲ್ಲಿನ ಯಜಮಾನನನ್ನು ಓಡಿಸಬೇಕು. ಮುಸುವಗಳ ಈ ಕರಾಳ ಮುಖ ಮೊದಲು ಬೆಳಕಿಗೆ ಬಂದದ್ದು ನಮ್ಮ ಧಾರವಾಡದಲ್ಲಿ. 1960ರ ದಶಕದ ಶುರುವಿನಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಅಲ್ಲಿನ ಕಾಡಿನ ಬೂದು ಮುಸುವಗಳನ್ನು ನೋಡುತ್ತಾ ಕೂತಿದ್ದರು. ಹೊಸ ಗಂಡು ಗುಂಪನ್ನು ವಶ ಮಾಡಿಕೊಂಡ ಮೇಲೆ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದಿದ್ದನ್ನು ಅವರು ದಾಖಲಿಸಿದರು. ಇದನ್ನು ಬಹಳ ಜನ ನಂಬಲಿಲ್ಲ. ಜಾಗ ಇಕ್ಕಟ್ಟಾಗಿ ತಲೆ ಕೆಟ್ಟ ಪ್ರಾಣಿಗಳು ಅಂದರು. ಮುಂದೆ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಮೌಂಟ್ ಅಬುವಿನ ಮುಸುವಗಳನ್ನು ನೋಡಿ ಬೇರೆ ವಿವರಣೆ ಕೊಟ್ಟರು. ಹಾಲೂಡುವುದು ನಿಂತರೆ ಹೆಣ್ಣು ಬೇಗ ಬೆದೆಗೆ ಬರುತ್ತದೆ, ಹೊಸ ಗಂಡಿಗೆ ತನ್ನದೇ ಮರಿ ಹುಟ್ಟಿಸುವ ಅವಕಾಶ ಬೇಗ ಸಿಗುತ್ತದೆ ಎಂಬುದು ಅದರ ತಿರುಳು. ಈಗ ಹೆಚ್ಚಿನವರು ಒಪ್ಪುವುದು ಇದನ್ನೇ.

ಗಂಡುಗಳ ಈ ಅಲೆದಾಟದಿಂದ ಒಂದು ಉಪಯೋಗವೂ ಇದೆ. ಒಂದು ಗುಂಪಿನ ನೆತ್ತರು ಇನ್ನೊಂದಕ್ಕೆ ಸೇರುವುದು ಅಲೆಯುವ ಗಂಡುಗಳಿಂದಲೇ. ಅವು ಅಲೆಯಬೇಕಾದರೆ ಕಾಡಿನಿಂದ ಕಾಡಿಗೆ ಕೊಂಬೆ ತಾಗಿರಬೇಕು.

ಕೊಂಬೆ ತಪ್ಪಿದ ಕಡೆ

ಪಶ್ಚಿಮ ಅಸ್ಸಾಂನಲ್ಲಿ ಹಾಗೆ ತಾಗಿದ ಕಾಡು ಈಗ ಉತ್ತರದಲ್ಲಿ, ಭೂತಾನದ ತಪ್ಪಲಿಗೆ ಒತ್ತಿದ ಭಾಗದಲ್ಲಿ ಮಾತ್ರ ಉಳಿದಿದೆ. 1980ರ ದಶಕದ ಕೊನೆಯಿಂದ ಅಲ್ಲಿನ ಬೋಡೊ ಬುಡಕಟ್ಟು ಜನರ ಸೀಮೆಯಲ್ಲಿ ನಡೆದ ಗಲಭೆಯ ವರ್ಷಗಳಲ್ಲಿ ಅರಣ್ಯ ಇಲಾಖೆಯವರು ಕಾಡಿನೊಳಗೆ ಕಾಲಿಡಲಾಗದೆ ಮರಗಳ್ಳರಿಗೆ ಬಾಗಿಲು ತೆರೆದ ಹಾಗಾಯಿತು. ಜೊತೆಗೆ ಒತ್ತುವರಿ, ಹೊಸ ಊರುಗಳು. ದಕ್ಷಿಣದ ಕಾಡು ಚೂರು ಚೂರಾಗಿ, ಗದ್ದೆಗಳ ನಡುವೆ ಒಂದೊಂದು ಗುಡ್ಡವಾಗಿ ಉಳಿಯಿತು. ಉತ್ತರ, ದಕ್ಷಿಣದ ನಡುವೆ ಹೆದ್ದಾರಿ, ರೈಲು ಹಳಿ.

ನೆಲಕ್ಕಿಳಿದ ಮುಸುವ ಅರ್ಧ ಸತ್ತ ಹಾಗೆ. ರಸ್ತೆ ದಾಟುವಾಗ ಗಾಡಿಗೆ ಸಿಗುತ್ತದೆ. ಊರಿನಲ್ಲಿ ನಾಯಿಗಳು ಅಟ್ಟಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕರೆಂಟ್ ತಂತಿ. ಕಂಬಗಳ ನಡುವಿನ ತಂತಿ ಅದರ ಕಣ್ಣಿಗೆ ತೆಳ್ಳಗಿನ ಬಳ್ಳಿ. ಒಂದೇ ತಂತಿ ಹಿಡಿದು ಹೋದರೆ ಏನೂ ಆಗದಿರಬಹುದು. ಉದ್ದ ಬಾಲವೋ ಕಾಲೋ ಪಕ್ಕದ ತಂತಿಗೆ, ಕಂಬಕ್ಕೆ ತಾಗಿತೋ, ಮುಗಿಯಿತು. ಅಸ್ಸಾಂನಲ್ಲೂ ಭೂತಾನದಲ್ಲೂ ಹೀಗೆ ಸತ್ತ ಉದಾಹರಣೆಗಳು ಬೇಕಾದಷ್ಟಿವೆ. ರಬ್ಬರಿನ ಹೊದಿಕೆ ಇರುವ ತಂತಿ ಎಳೆದರೆ ಈ ಸಾವು ನಿಲ್ಲುತ್ತದೆ. ಕೆಲವು ಕಡೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ಬಿದಿರು, ಹಗ್ಗದ ಸೇತುವೆ ಕಟ್ಟಿದ್ದಾರೆ. ಹೊಸ ಮರ ಬೆಳೆಯುವವರೆಗೆ ಇದೇ ಕೊಂಬೆ.

ಕೊಕ್ರಜಾರ್ ಜಿಲ್ಲೆಯ ನಾಯಕ್‌ಗಾಂವ್ ಬಳಿ ಅಭಯಾ ಎಂಬ ರಬ್ಬರ್ ತೋಟದಲ್ಲಿ ಬಂಗಾರದ ಮುಸುವಗಳು ಬಿಡಾರ ಹೂಡಿವೆ. ರಬ್ಬರ್ ಬೀಜವನ್ನೂ ತಿನ್ನುತ್ತವೆ. ಆ ಬೀಜದಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ, ನಾವು ಹಸಿಯಾಗಿ ತಿನ್ನುವ ಹಾಗಿಲ್ಲ. ವಿಷಕ್ಕೆ ಒಗ್ಗಿದ ಹೊಟ್ಟೆ ಅಲ್ವಾ, ಇವು ಹೇಗೋ ಸಂಭಾಳಿಸಿಕೊಂಡಿವೆ. ಇದನ್ನು ನೋಡಿ, ಮುಸುವ ತೋಟದಲ್ಲೂ ಬದುಕುತ್ತದೆ, ಕಾಡು ಯಾಕೆ ಬೇಕು ಎಂದು ವಾದಿಸುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ತೋಟದ ಗುಂಪುಗಳೂ ನಾಯಿಗೆ, ತಂತಿಗೆ ಬಲಿಯಾಗುತ್ತಲೇ ಇವೆ. ತೋಟ ಕಡಿದು ಮತ್ತೆ ನೆಡುವ ಕಾಲ ಬಂದರೆ ಅವು ಹೋಗಬೇಕಾದದ್ದು ಎಲ್ಲಿಗೆ?

ಭೂತಾನದಲ್ಲಿ ತಲೆನೋವು ಬೇರೆ ಥರದ್ದು. ಅಲ್ಲಿ ಕಾಡು ಗಟ್ಟಿಯಾಗಿದೆ. ಆದರೆ ನದಿಗಳಿಗೆ ಸೇತುವೆ ಬಂದ ಮೇಲೆ ಬಂಗಾರದ ಮುಸುವ ಮತ್ತು ಟೋಪಿಯ ಮುಸುವ ಒಂದೇ ದಡದಲ್ಲಿ ಸಿಕ್ಕು, ಝೆಮ್‌ಗಾಂಗ್ ಭಾಗದಲ್ಲಿ ಬೆರಕೆ ಮರಿಗಳು ಹುಟ್ಟಿವೆ. ಬೇಲಿಯಾಗಿದ್ದ ನದಿ ಅಲ್ಲಿ ಬೇಲಿಯಾಗಿ ಉಳಿದಿಲ್ಲ.

ಒಟ್ಟು ಎಷ್ಟಿವೆ? 2008–09ರ ಲೆಕ್ಕದಲ್ಲಿ ಅಸ್ಸಾಂನಲ್ಲಿ 5,140. 2020–21ರಲ್ಲಿ ಕೊಯಮತ್ತೂರಿನ ಸಲೀಂ ಅಲಿ ಕೇಂದ್ರ, ಅಸ್ಸಾಂ ಅರಣ್ಯ ಇಲಾಖೆ ಮುಂತಾದವರು ಸೇರಿ ಮಾಡಿದ ಅಂದಾಜಿನಲ್ಲಿ 7,396. ಭೂತಾನದಲ್ಲಿ ಸುಮಾರು ಎರಡೂವರೆ ಸಾವಿರ. ಅಸ್ಸಾಂನ ಅಂಕಿ ಮೇಲೇರಿದ್ದು ಖುಷಿಯ ಸುದ್ದಿಯೇ. ಆದರೆ ಅದನ್ನು ಬಿಡಿಸಿ ನೋಡಬೇಕು. 5,566 ಮುಸುವಗಳು ಉತ್ತರದ ಕೂಡಿದ ಕಾಡಿನಲ್ಲಿವೆ. ಉಳಿದ 1,830 ದಕ್ಷಿಣದ ಚೂರುಗಳಲ್ಲಿ ಹಂಚಿಹೋಗಿವೆ. ಉತ್ತರದವಕ್ಕೆ 2021ರಲ್ಲಿ 422 ಚದರ ಕಿಲೋಮೀಟರಿನ ರಾಯ್ಮೋನಾ ರಾಷ್ಟ್ರೀಯ ಉದ್ಯಾನವೂ ಸಿಕ್ಕಿತು, ಬೆನ್ನಿಗೆ ಭೂತಾನದ ಕಾಡೂ ಇದೆ. ನನಗೆ ಚಿಂತೆ ಇರುವುದು ಆ 1,830ರ ಬಗ್ಗೆ.

ಕಾಕೊಯಿಜಾನದ ಗುಡ್ಡ

ಆ ಚೂರುಗಳಲ್ಲಿ ಹೆಸರಾದವು ಎರಡು. ಒಂದು ಚಕ್ರಶಿಲಾ. ನೇಚರ್ಸ್ ಬೆಕನ್ ಎಂಬ ಸಂಘಟನೆ ಊರವರನ್ನು ಕಟ್ಟಿಕೊಂಡು ಹೋರಾಡಿದ ಮೇಲೆ 1994ರಲ್ಲಿ ಅದು ಅಭಯಾರಣ್ಯವಾಯಿತು. ಇನ್ನೊಂದು ಬೊಂಗಾಯಿಗಾಂವ್ ಜಿಲ್ಲೆಯ ಕಾಕೊಯಿಜಾನ. ಹೆಚ್ಚುಕಮ್ಮಿ 20 ಚದರ ಕಿಲೋಮೀಟರಿನ ಮೀಸಲು ಅರಣ್ಯ. ಸುತ್ತಲಿನ ಹಳ್ಳಿಗಳವರು ಸಮಿತಿ ಮಾಡಿಕೊಂಡು, ಕಾವಲು ಕಾದು, ಬೋಳಾಗಿದ್ದ ಗುಡ್ಡವನ್ನು ಮೂವತ್ತು ವರ್ಷದಲ್ಲಿ ಮತ್ತೆ ಹಸಿರು ಮಾಡಿದ್ದಾರೆ. ಆಗ ನೂರಕ್ಕಿಂತ ಕಮ್ಮಿ ಇದ್ದ ಮುಸುವಗಳು ಈಗ 600 ದಾಟಿವೆ ಅನ್ನುವುದು ಅವರ ಲೆಕ್ಕ. 2020ರಲ್ಲಿ ಜಿಲ್ಲಾಡಳಿತ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಸೀಬೆ, ಮಾವು, ನೇರಳೆಯಂಥ ಗಿಡಗಳನ್ನು ಅಲ್ಲಿ ನೆಡಿಸಿತು. ಮುಸುವಗಳು ಮೇವು ಹುಡುಕಿಕೊಂಡು ರಸ್ತೆಗೆ ಬಂದು ಸಾಯದಿರಲಿ ಅನ್ನುವುದು ಉದ್ದೇಶ.

ಇದನ್ನೂ ಅಭಯಾರಣ್ಯ ಮಾಡುವ ಮಾತು ಬಂದಾಗ 2023ರಲ್ಲಿ ಊರವರೇ ಬೇಡ ಅಂದರು. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ಅವರ ತರ್ಕ ಸರಳ. ಅಭಯಾರಣ್ಯವಾದರೆ ಸೌದೆ, ಸೊಪ್ಪು, ಓಡಾಟ ಎಲ್ಲಕ್ಕೂ ನಿರ್ಬಂಧ ಬರುತ್ತದೆ, ಕಾಡು ಇಲಾಖೆಯದ್ದಾಗುತ್ತದೆ. ತಾವು ಬೆಳೆಸಿದ ಕಾಡನ್ನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಕಾಡು ಎಂದು ತಮಗೇ ಬಿಟ್ಟುಕೊಡಿ ಅನ್ನುವುದು ಅವರ ಕೇಳಿಕೆ. ಪಶ್ಚಿಮ ಘಟ್ಟದಲ್ಲಿ ಇಂಥ ಜಗಳ ನೋಡಿ ಬೆಳೆದ ನಮಗೆ ಇದು ಹೊಸದಲ್ಲ. ಕಾಕೊಯಿಜಾನದ ಮಟ್ಟಿಗಂತೂ ನಾನು ಊರವರ ಕಡೆ. ಕಾವಲು ಕಾದವರನ್ನು ಹೊರಗಿಟ್ಟರೆ ಮುಂದೆ ಮರ ಕಡಿಯಲು ಬಂದವರನ್ನು ರಾತ್ರಿ ಹೊತ್ತು ತಡೆಯುವವರು ಯಾರು?

ಹಾಗಂತ ಅವರ ಗುಡ್ಡ ಇನ್ನು ದೊಡ್ಡದಾಗುವುದಿಲ್ಲ. ಸುತ್ತ ಗದ್ದೆ, ಊರು, ಹೆದ್ದಾರಿ. ಮುಸುವಗಳು ಹೆಚ್ಚಿದಷ್ಟೂ ಗುಂಪು ಬಿಟ್ಟ ಎಳೆಯ ಗಂಡುಗಳು ಅಂಚಿಗೆ ಬರುತ್ತವೆ. ಅಲ್ಲಿಂದ ಮುಂದಿನ ಕಾಡಿಗೆ ಹೋಗಬೇಕಾದರೆ ಅವು ತುಳಿಯಬೇಕಾದದ್ದು ರೈತರ ಹಿತ್ತಿಲಿನ ಬಿದಿರುಮೆಳೆ, ರಸ್ತೆ ಬದಿಯ ಮರಗಳು, ಯಾರದೋ ರಬ್ಬರ್ ತೋಟ. ಅರಣ್ಯ ಇಲಾಖೆಯ ನಕಾಶೆಯಲ್ಲಿ ಇದ್ಯಾವುದೂ ಕಾಡಲ್ಲ. ಅಲ್ಲಿ ಮರ ನೆಡುವುದೂ, ಇರುವ ಮರ ಉಳಿಸುವುದೂ, ತಂತಿಗೆ ಹೊದಿಕೆ ಹಾಕಿಸುವುದೂ ಆ ಜಾಗದ ಒಡೆಯರು, ಪಂಚಾಯಿತಿ, ವಿದ್ಯುತ್ ಇಲಾಖೆಯವರು ಒಪ್ಪಿದರೆ ಮಾತ್ರ ಆಗುವ ಕೆಲಸ.